ನೀಲಿ ಬಾಣ

ಜೂನ್ 2, ಭಾನುವಾರ

ಇವರು ಮತ್ತೆ ಹೊರಟರು. ಬೂಟು, ಟೋಪಿ, ನೀರಿನ ಬಾಟಲಿ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದರೆ "ದಾರಿ ಹೇಗೆ ಕರ್ಕೊಂಡು ಹೋಗುತ್ತೋ ಹಾಗೆ" ಎಂಬ ಉತ್ತರ. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಮನುಷ್ಯ ಆಡುವ ಮಾತೇ ಇದು? ಅಡುಗೆಮನೆಗೆ ತಿರುಗುವಾಗಲೂ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡುತ್ತಿದ್ದವರು!

ಮೊಣಕಾಲು ನೋವು ಅಂತ ಫೆಬ್ರವರಿಯಲ್ಲಿ ಸ್ಕೂಲು ಮುಚ್ಚಿದರು. ಕಾರು ಮಾರಿದರು. ಪಾಪ ಅಂದುಕೊಂಡು ಎಷ್ಟು ದಿನ ಎಣ್ಣೆ ಹಚ್ಚಿ ತಿಕ್ಕಿದ್ದೆ. ಈಗ ಅದೇ ಮೊಣಕಾಲು ಭಾನುವಾರವೆಲ್ಲ ಊರು ಸುತ್ತುತ್ತದೆ. ಅಂದರೆ ನೋವು ಕ್ಲಚ್ ಒತ್ತುವುದಕ್ಕೆ ಮಾತ್ರ, ನಡೆಯುವುದಕ್ಕಲ್ಲ.

ಗುಂಪು ಕಟ್ಟಿಕೊಂಡು ನಡೆಯುವುದಕ್ಕೆ ಒಂದು ಹೆಸರು ಬೇರೆ. ಸೈಕೋಜಿಯಾಗ್ರಫಿ. ಗುರಿ ಇಟ್ಟುಕೊಳ್ಳದೆ ಊರಲ್ಲಿ ಅಲೆಯುವುದು, ಯಾವ ಬೀದಿ ಎಳೆಯುತ್ತದೋ ಅಲ್ಲಿಗೆ ಹೋಗುವುದು, ಅದು ನಮ್ಮ ಮನಸ್ಸಿಗೆ ಏನು ಮಾಡುತ್ತದೆ ಅಂತ ಗಮನಿಸುವುದು... ಇಷ್ಟು ವಿವರಿಸಿದರು. ಮೊದಲ ಎರಡಕ್ಷರ ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು.

ಪ್ಯಾಂಟು ಒಗೆಯಲು ಹಾಕುವಾಗ ಜೇಬು ತಡಕಿದೆ. ಹೊಲಿಗೆಯವಳ ಅಭ್ಯಾಸ ಎಂದಿಟ್ಟುಕೊಳ್ಳೋಣ. ಟಿಕೆಟ್ ಇಲ್ಲ, ಚೀಟಿ ಇಲ್ಲ. ಒಂದು ಚಾಕ್ ಚೂರು. ನೀಲಿ, ಚಪ್ಪಟೆ. ಬಟ್ಟೆಗೆ ಗುರುತು ಹಾಕುವುದು. ನನ್ನ ಮಷೀನಿನ ಡ್ರಾಯರಿನದು! ಬಂದ ಮೇಲೆ ಕೇಳಿದೆ. "ಹೌದಾ? ಹೇಗೆ ಬಂತೋ" ಎಂದರು. ಚಾಕ್‌ಗೆ ಕಾಲು ಬಂತೇನೋ.

ಜೂನ್ 4, ಮಂಗಳವಾರ

ಶಾಲೆ ಶುರುವಾಗುವ ಕಾಲ. ನಾನು ಹೊಲಿಯುವ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಯೂನಿಫಾರ್ಮ್ ರಾಶಿಯಲ್ಲಿ ಮುಳುಗಿದ್ದೇನೆ. ಎಲ್ಲ ತಾಯಂದಿರದೂ ಒಂದೇ ಹಾಡು — ಮಗು ಬೆಳೆಯುತ್ತೆ, ಅಂಚು ದೊಡ್ಡದಾಗಿ ಮಡಿಸಿ.

ಬೆಳಿಗ್ಗೆಯ ಸಂಗತಿ ಬರೆಯಬೇಕು. ಇವರು ಹಾಲು ತಂದು ಸ್ನಾನಕ್ಕೆ ಹೋಗಿದ್ದರು. ಇವರ ಫೋನ್ ಬಡಿದುಕೊಂಡಿತು. ಮೇಲೆ ಹೆಸರು: ಕೊಡೆ ಮೇಡಂ. ಎತ್ತಿದೆ.

"ಸಾರ್, ಮನೆ ಸೇರಿದ್ರಾ?"

ಹೆಣ್ಣು ದನಿ. ಮೆತ್ತಗೆ, ಅಕ್ಕರೆಯಿಂದ. ನಾನು ಹಲೋ ಎಂದೆನಷ್ಟೆ, ಆ ಕಡೆ "ಓ... ಸಾರಿ" ಎಂದು ಕಟ್. ಹಾಲಿನ ಅಂಗಡಿ ಎರಡು ಬೀದಿ ಆಚೆ. ಅಷ್ಟು ದೂರ ಹೋಗಿ ಬಂದ ಗಂಡಸನ್ನು ಮನೆ ಸೇರಿದಿರಾ ಅಂತ ಕೇಳಲು ಒಬ್ಬಳು!

ತಂಗಿಗೆ ಫೋನ್ ಮಾಡಬಾರದಿತ್ತು, ಮಾಡಿದೆ. "ಅಕ್ಕಾ, ಭಾವ ಹೊಸ ಟೋಪಿ ತಗೊಂಡಾಗ್ಲೇ ನಂಗೆ ಅನ್ನಿಸ್ತು," ಎಂದಳು. ಟೋಪಿ ನಾನೇ ತಂದುಕೊಟ್ಟದ್ದು ಎಂದೆ. "ಹಾಗಾದ್ರೆ ಆ ಟೋಪಿಯನ್ನೇ ನಿಂಗೆ ಹಾಕ್ತಿದ್ದಾರೆ ಬಿಡು." ತಲೆಯಲ್ಲಿ ಹುಳ ಬಿಟ್ಟು ತಾನು ಆರಾಮಾಗಿ ಊಟಕ್ಕೆ ಹೋದಳು.

ಜೂನ್ 9, ಭಾನುವಾರ

ಮಧ್ಯಾಹ್ನ ಮೂರಕ್ಕೆ ಬಂದರು. ಊಟ ಆರಿ ತಣ್ಣಗಾಗಿತ್ತು. ಎಲ್ಲಿಗೆ ಹೋಗಿದ್ದಿರಿ? "ಅಲ್ಲೇ... ಆ ಕಡೆ." ಯಾವ ಕಡೆ? "ಹೆಸರು ಗೊತ್ತಿಲ್ಲ." ಊರಿನ ಗಲ್ಲಿಗಲ್ಲಿ ಬಲ್ಲ ಮನುಷ್ಯ! ಎಲ್ಲಿ ಒನ್ ವೇ, ಎಲ್ಲಿ ಹಂಪು, ಯಾವ ತಿರುವಿನಲ್ಲಿ ನಾಯಿ ಮಲಗಿರುತ್ತದೆ ಅಂತ ಹೇಳುತ್ತಿದ್ದವರಿಗೆ ಬೀದಿಯ ಹೆಸರು ಗೊತ್ತಿಲ್ಲವಂತೆ. ಕಿವಿ ಮೇಲೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ.

"ಮುಂದಿನ ವಾರ ನಾನೂ ಬರ್ತೀನಿ," ಎಂದೆ.

ಇವರ ಬಲಗಾಲು ನೆಲ ಒತ್ತಿತು. ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ ರೂಢಿ. ಹೆದರಿದಾಗಲೆಲ್ಲ ಸೋಫಾದಲ್ಲಿ ಕೂತೂ ಒತ್ತುತ್ತಾರೆ. ಸಿಕ್ಕಿಬಿದ್ದಿರಿ ಎಂದುಕೊಂಡೆ.

"ನಿಂಗೆ ಬೇಜಾರಾಗುತ್ತೆ ಕಣೇ."

"ಆಗ್ಲಿ."

ಜೂನ್ 16, ಭಾನುವಾರ

ಹೋದೆ. ನೋಡಿದೆ. ಮರೆಯುವ ಮುಂಚೆ ಬರೆಯುತ್ತೇನೆ.

ಪಾರ್ಕಿನ ಗೇಟಿನಲ್ಲಿ ಹತ್ತು ಹನ್ನೆರಡು ಜನ. ಮುಂದಾಳು ಒಬ್ಬ ಮೇಷ್ಟ್ರು, ಕಾಲೇಜಿನಲ್ಲಿ ಕಟ್ಟಡ ವಿನ್ಯಾಸ ಹೇಳಿಕೊಡುವವರು. ಕೈಯಲ್ಲಿ ಯಾವುದೋ ಬೇರೆ ದೇಶದ ಊರಿನ ನಕ್ಷೆ. "ಇವತ್ತು ಈ ನಕ್ಷೆ ನೋಡ್ಕೊಂಡು ನಮ್ಮೂರಲ್ಲಿ ನಡೀಬೇಕು," ಎಂದರು. ನಾನು ಇವರ ಮುಖ ನೋಡಿದೆ, ಇವರು ಆಕಾಶ ನೋಡಿದರು. ನಕ್ಷೆಯಲ್ಲಿ ನದಿ ಇದ್ದಲ್ಲಿ ನಮಗೆ ಸಿಕ್ಕಿದ್ದು ಟೈರ್ ಅಂಗಡಿ. ಸೇತುವೆ ದಾಟಬೇಕಾದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತಿ ಇಳಿದೆವು. ಕಾವಲಿನವನು ಪೊಲೀಸರಿಗೆ ಹೇಳಲೋ ಬೇಡವೋ ಎನ್ನುವ ಹಾಗೆ ನಿಂತಿದ್ದ. ನಗು ಬಂತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಇಷ್ಟು ವರ್ಷ ಇದ್ದ ಊರಿನಲ್ಲಿ ಒಂದು ಮನೆಯ ಗೋಡೆಗೆ ಹಸಿರು ಹೆಂಚು ಅಂಟಿಸಿದ್ದಾರೆ ಅಂತ ಇವತ್ತು ನೋಡಿದೆ.

ಈ ನಡಿಗೆಯವರದು ಒಂದು ಪದ್ಧತಿ ಇದೆ. ಪ್ರತಿ ತಿರುವಿನಲ್ಲೂ ಗುಂಪಿನ ಕೊನೆಯವರು ಗೋಡೆಗೆ ಚಾಕಿನಲ್ಲಿ ಒಂದು ಬಾಣ ಹಾಕಬೇಕು — ತಡವಾಗಿ ಬಂದವರಿಗೆ, ಹಿಂದೆ ಉಳಿದವರಿಗೆ. ಆ ಕೆಲಸವನ್ನು ಇವರು ಬೇರೆ ಯಾರಿಗೂ ಬಿಡುವುದಿಲ್ಲವಂತೆ. ಸರಿ, ಚಾಕಿನ ಕಥೆ ಇಷ್ಟೇ. ಅನುಮಾನ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಕೊಡೆ ಮೇಡಂ ಬಂದಿದ್ದರು. ಬಿಸಿಲಿಲ್ಲ, ಮಳೆಯಿಲ್ಲ, ಕೈಯಲ್ಲಿ ಮಡಿಸಿದ ಕರಿ ಕೊಡೆ. ನಲವತ್ತೈದು ಇರಬಹುದು. ನಗುಮುಖ. ಇವರ ಹತ್ತಿರ ಕಾರು ಕಲಿಯುತ್ತಿದ್ದರಂತೆ, ಲೈಸೆನ್ಸ್ ಬರುವ ಮುಂಚೆಯೇ ಸ್ಕೂಲು ಮುಚ್ಚಿತಂತೆ. ಇವರನ್ನು ಈ ಗುಂಪಿಗೆ ಸೇರಿಸಿದ್ದೂ ಅವರೇ ಅಂತೆ. ಇದೆಲ್ಲ ನನಗೆ ಹೇಳಿದ್ದು ಮೇಷ್ಟ್ರು. ಇವರಲ್ಲ.

ಆಮೇಲೆ ಕಣ್ಣಾರೆ ಕಂಡದ್ದು: ತಿರುವು ಬಂದಾಗಲೆಲ್ಲ ಇವರು ಮೊದಲು ನೋಡುವುದು ಅವರ ಕಡೆ. ಅವರು ಕೊಡೆಯ ತುದಿಯನ್ನು ಒಂಚೂರು ಎಡಕ್ಕೋ ಬಲಕ್ಕೋ ವಾಲಿಸುತ್ತಾರೆ. ಇವರು ಆ ಕಡೆ ತಿರುಗುತ್ತಾರೆ. ಮಾತಿಲ್ಲ ಕತೆಯಿಲ್ಲ. ಕಣ್ಸನ್ನೆಯ ಬದಲು ಕೊಡೆಸನ್ನೆ. ನನ್ನ ಎದುರಿಗೇ!

ಚಹಾಕ್ಕೆ ನಿಂತಾಗ ಯಾರೋ ಇವರನ್ನು ಕೇಳಿದರು, "ಸಾರ್, ಇಲ್ಲಿಂದ ನಿಮ್ಮನೆ ಯಾವ ಕಡೆ?"

"ಕಳೆದುಹೋಗೋಕೆ ಬಂದಿರೋನಿಗೆ ಮನೆ ಯಾಕಪ್ಪಾ?" ಎಂದರು ಇವರು. ಎಲ್ಲರೂ ಚಪ್ಪಾಳೆ.

ಮೇಷ್ಟ್ರು ನನ್ನ ಕಡೆ ತಿರುಗಿ, "ದಾರಿ ತಪ್ಪೋದ್ರಲ್ಲಿ ನಿಮ್ಮೆಜಮಾನ್ರನ್ನ ಮೀರಿಸೋರಿಲ್ಲ. ನಾವೆಲ್ಲ ಕಷ್ಟಪಟ್ಟು ತಪ್ಪಿಸ್ಕೋಬೇಕು, ಅವರಿಗೆ ತಾನಾಗೇ ಬರುತ್ತೆ," ಎಂದರು. ಇವರ ಮುಖ ಅರಳಿತು. ಬಹುಮಾನ ಬಂದ ಶಾಲೆ ಹುಡುಗನ ಹಾಗೆ. ಎಷ್ಟು ತಿಂಗಳಾಗಿತ್ತು ಆ ಮುಖ ನೋಡಿ. ನನ್ನೆದುರು ಯಾಕೆ ಅರಳುವುದಿಲ್ಲ?

ವಾಪಸು ಬರುವಾಗ ನೀರಿನ ಟ್ಯಾಂಕಿನ ಗಲ್ಲಿ ತೋರಿಸಿ ಕೊಡೆ ಮೇಡಂ ಹೇಳಿದರು: "ನಮ್ಮನೆ ಇಲ್ಲೇ ಒಳಗೆ. ಒಂದಿನ ಬನ್ನಿ ಅಕ್ಕಾ." ಅಕ್ಕ ಅಂತೆ.

ಜೂನ್ 19, ಬುಧವಾರ

ಅಂಗಡಿಗೆ ಹೋಗುವಾಗ ಮೆಡಿಕಲ್ ಶಾಪಿನ ಪಕ್ಕದ ಗೋಡೆಯಲ್ಲಿ ಕಂಡಿತು. ಸೊಂಟದೆತ್ತರಕ್ಕೆ. ಸಣ್ಣ ನೀಲಿ ಬಾಣ. ಶಾಲೆಯ ಚಾಕಿನ ಗೆರೆ ದಪ್ಪಗಿರುತ್ತದೆ. ಇದು ಸಪೂರ, ಅಂಚು ಹರಿತ. ನನ್ನ ಚಾಕ್. ಯಾರಿಗೆ ಬೇಕಾದರೂ ಮಣ್ಣೆರಚಲಿ, ಈ ಕಣ್ಣಿಗೆ ಆಗುವುದಿಲ್ಲ.

ಭಾನುವಾರದ ನಡಿಗೆ ಈ ಬೀದಿಗೆ ಬರಲೇ ಇಲ್ಲ. ಮತ್ತೆ ಈ ಬಾಣ ಯಾರಿಗೆ? ಮುಂದೆ ಹೋಗಿ ನೋಡಿದೆ. ಬೀಗದ ಅಂಗಡಿಯ ಮೂಲೆಯಲ್ಲಿ ಇನ್ನೊಂದು. ಟ್ರಾನ್ಸ್‌ಫಾರ್ಮರ್ ಕಂಬದಲ್ಲಿ ಇನ್ನೊಂದು. ಅದರ ಮೂತಿ ನೇರವಾಗಿ ನೀರಿನ ಟ್ಯಾಂಕಿನ ಗಲ್ಲಿಯೊಳಕ್ಕೆ.

ಗಲ್ಲಿಯ ಬಾಯಲ್ಲೂ ಒಂದಿತ್ತು. ಅಲ್ಲಿಗೆ ನಿಂತೆ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ನಾನು ಯಾವತ್ತೂ ಓಡಾಡುವುದು ಮೇನ್ ರೋಡಿನಲ್ಲಿ, ಈ ಗಲ್ಲಿಗಳಲ್ಲಿ ನನಗೇನು ಕೆಲಸ? ಇವರಿಗೆ ಏನು ಕೆಲಸ ಅಂತ ಮಾತ್ರ ಈಗ ಗೊತ್ತಾಯಿತು.

ಇಡೀ ದಿನ ತಪ್ಪು ಹೊಲಿಗೆ. ಒಂದು ತೋಳು ತಿರುಗುಮುರುಗಾಗಿ ಕೂಡಿಸಿದೆ. ಅಂಗಡಿಯವರು ಬಿಚ್ಚು ಎಂದು ಸನ್ನೆ ಮಾಡಿದರು.

ಜೂನ್ 21, ಶುಕ್ರವಾರ. ಸಂಜೆ ನಾಲ್ಕು, ಅಂಗಡಿಯಲ್ಲಿ

ಊಟದ ಹೊತ್ತಿನಲ್ಲಿ ಹೋಗಿ ಒರೆಸಿಬಂದೆ. ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿದ್ದೆ. ಮೆಡಿಕಲ್ ಶಾಪು, ಬೀಗದಂಗಡಿ, ಕಂಬ, ಗಲ್ಲಿಯ ಬಾಯಿ. ಒಂದನ್ನೂ ಬಿಡಲಿಲ್ಲ. ಈ ಚಾಕಿನ ಗುಣವೇ ಅದು, ಕೆಲಸ ಮುಗಿದ ಮೇಲೆ ಗುರುತು ಉಳಿಯಬಾರದು. ಮೆಡಿಕಲ್ ಶಾಪಿನವರು "ಏನಮ್ಮಾ, ಗೋಡೆ ತೊಳೀತಿದ್ದೀರಾ?" ಎಂದರು. ಕೊಳೆ ಜಾಸ್ತಿಯಾಗಿದೆ ಎಂದೆ.

ಹುಡುಕಿಕೊಂಡು ಹೋಗಲಿ ನೋಡೋಣ ಈಗ. ಮನಸ್ಸಿಗೆ ತಂಪಾಯಿತು. ಚಿಕ್ಕಬುದ್ಧಿ ಅನ್ನಲಿ, ಏನಾದರೂ ಅನ್ನಲಿ.

ಜೂನ್ 22, ಶನಿವಾರ. ಬೆಳಿಗ್ಗೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಆರಕ್ಕೆ ಮನೆಗೆ ಬಂದರೆ ಬೀಗ. ಇವರು ನಾಲ್ಕಕ್ಕೇ ಮಾತ್ರೆ ತರಲು ಹೋದರು ಅಂತ ಎದುರುಮನೆಯವರು ಹೇಳಿದರು. ಫೋನ್ ಮನೆಯೊಳಗೇ ಬಡಿದುಕೊಳ್ಳುತ್ತಿತ್ತು. ಆರೂವರೆ ಆಯಿತು. ಬಾಣ ಇಲ್ಲದಿದ್ದರೂ ದಾರಿ ಸಿಕ್ಕಿದೆ ಮಹಾರಾಯರಿಗೆ ಎಂದುಕೊಂಡೆ. ಕೆಂಡದಂತಹ ಕೋಪ. ಇಬ್ಬರನ್ನೂ ಒಟ್ಟಿಗೆ ಹಿಡಿಯುತ್ತೇನೆ ಅಂತ ಚಪ್ಪಲಿ ಮೆಟ್ಟಿಕೊಂಡು ನಡೆದೆ.

ಟ್ಯಾಂಕಿನ ಗಲ್ಲಿಯೊಳಗೆ ಹೋದೆ. ಒಳಗಿನ ಬಾಣಗಳನ್ನು ನಾನು ಒರೆಸಿರಲಿಲ್ಲವಲ್ಲ. ಕೊಡೆ ಮೇಡಂ ಮನೆ ಸುಲಭವಾಗಿ ಗೊತ್ತಾಯಿತು, ಜಗಲಿಯಲ್ಲಿ ಕೊಡೆ ಒರಗಿಸಿತ್ತು. ಎದುರಿನ ಗೋಡೆಯಲ್ಲಿ ನೀಲಿ ಬಾಣ. ಆದರೆ ಅದರ ಮೂತಿ ಅವರ ಮನೆಯ ಕಡೆ ಇರಲಿಲ್ಲ. ಮುಂದಕ್ಕೆ ಇತ್ತು.

ನನಗೆ ಅರ್ಥವಾಗಲಿಲ್ಲ. ಮುಂದೆ ಹೋದೆ. ಶಾಲೆಯ ಹಿಂಗೋಡೆಯಲ್ಲಿ ಒಂದು. ಮುರಿದ ನಲ್ಲಿಯ ಹತ್ತಿರ ಒಂದು. ಹಾಗಾದರೆ ಇನ್ನೊಬ್ಬಳಿದ್ದಾಳೆ ಎಂದುಕೊಂಡೆ! ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು. ಗಲ್ಲಿ ಎರಡು ಸಲ ತಿರುಗಿತು. ಎಲ್ಲಿಯೂ ದೊಡ್ಡ ರಸ್ತೆ ದಾಟುವ ಪ್ರಮೇಯವಿಲ್ಲ, ಗಾಡಿಗಳಿಲ್ಲ. ಕೊನೆಗೆ ಒಂದು ಮನೆಯ ಹಿತ್ತಿಲು ಕಂಡಿತು. ತಂತಿಯ ಮೇಲೆ ಒಣಗುತ್ತಿದ್ದ ಪ್ಯಾಂಟಿನ ಅಂಚು ನಾನೇ ಮಡಿಸಿ ಹೊಲಿದದ್ದು.

ನಮ್ಮ ಮನೆ.

ಕೊನೆಯ ಬಾಣ ನಮ್ಮ ಗೇಟಿನ ಕಂಬದಲ್ಲೇ ಇತ್ತು, ಮೀಟರ್ ಪೆಟ್ಟಿಗೆಯ ಮರೆಯಲ್ಲಿ. ಅದರ ಮೇಲೆ ಗೆರೆ ಮೇಲೆ ಗೆರೆ. ಎಷ್ಟೋ ಸಲ ತಿದ್ದಿದ್ದಾರೆ. ದಿನಾ ಆ ಗೇಟು ತೆಗೆದು ಹಾಕುವ ನನಗೆ ಕಂಡಿರಲಿಲ್ಲ.

ಅಲ್ಲೇ ಕೂತುಬಿಟ್ಟೆ. ಇವರಿಗೆ ಮೊಣಕಾಲು ನೋವಲ್ಲ. ಯಾವತ್ತೂ ಮೊಣಕಾಲಾಗಿರಲಿಲ್ಲ.

ಎದ್ದು ಓಡಿದೆ ಕೊಡೆ ಮೇಡಂ ಮನೆಗೆ. ಬಾಗಿಲು ತೆಗೆದವರು ನನ್ನ ಮುಖ ನೋಡಿಯೇ ಕೊಡೆ ಎತ್ತಿಕೊಂಡರು. ನಡೆಯುತ್ತಲೇ ಹೇಳಿದರು. ಜನವರಿಯಲ್ಲಿ ಒಂದು ದಿನ ಅವರು ಸ್ಟೇರಿಂಗ್ ಹಿಡಿದು "ಎಡಕ್ಕಾ ಬಲಕ್ಕಾ ಸಾರ್?" ಎಂದು ಕೇಳಿದರಂತೆ. ಇವರಿಗೆ ಗೊತ್ತಾಗಲಿಲ್ಲವಂತೆ. ದಿನಾ ಹೋಗುವ ಸರ್ಕಲ್ಲು. ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತಿದ್ದವಂತೆ, ಇವರು ಬ್ರೇಕ್ ಒತ್ತಿ ಹಿಡಿದು ಕೂತುಬಿಟ್ಟಿದ್ದರಂತೆ.

"ನಮ್ಮಪ್ಪನಿಗೂ ಹೀಗೇ ಆಗಿತ್ತು ಅಕ್ಕಾ. ನೋಡಿದ ಕೂಡ್ಲೇ ಗೊತ್ತಾಯ್ತು. ಅದಕ್ಕೇ ಈ ಗುಂಪಿಗೆ ಕರೆದೆ. ಅಲ್ಲಿ ದಾರಿ ಗೊತ್ತಿಲ್ಲ ಅಂದ್ರೆ ಯಾರೂ ನಗಲ್ಲ, ಭೇಷ್ ಅಂತಾರೆ."

"ನಂಗ್ಯಾಕೆ ಹೇಳ್ಲಿಲ್ಲ ನೀವು?"

"ಆಣೆ ಹಾಕಿಸ್ಕೊಂಡಿದ್ರು. ಅವಳೊಬ್ಬಳ ಕಣ್ಣಲ್ಲಾದ್ರೂ ನಾನು ಡ್ರೈವಿಂಗ್ ಮೇಷ್ಟ್ರಾಗೇ ಇರ್ತೀನಿ ಅಂದ್ರು."

ಬಾಣಗಳನ್ನು ನಾನು ಒರೆಸಿದೆ ಎಂದೆ. ಅವರು ಇನ್ನೂ ಜೋರಾಗಿ ಹೆಜ್ಜೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೆಡಿಕಲ್ ಶಾಪಿನ ಪಕ್ಕದ ಗೋಡೆಯ ಹತ್ತಿರವೇ ಇದ್ದರು. ಮೂರು ಗಂಟೆ ಹೊತ್ತು ಆಸುಪಾಸಿನ ಬೀದಿ ಸುತ್ತಿ ಮತ್ತೆ ಅಲ್ಲಿಗೇ ಬಂದು ನಿಂತಿದ್ದರು. ಬೀದಿ ದೀಪ ಹತ್ತಿತ್ತು. ಕೈಯಲ್ಲಿ ಮಾತ್ರೆಯ ಪೊಟ್ಟಣ, ಇನ್ನೊಂದು ಕೈ ಗೋಡೆಯ ಮೇಲೆ, ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ ತಡವುತ್ತಿದ್ದರು. ನನ್ನನ್ನು ನೋಡಿ ಹೆದರಲಿಲ್ಲ. ಅವಮಾನಪಟ್ಟರು. ಅದನ್ನು ನೋಡುವುದು ಇನ್ನೂ ಕಷ್ಟ.

"ಇಲ್ಲೊಂದು ಇತ್ತು ಕಣೇ," ಎಂದರು. "ಯಾರೋ ಒರೆಸಿಬಿಟ್ಟಿದ್ದಾರೆ."

ಜೂನ್ 29, ಶನಿವಾರ

ಡಾಕ್ಟರ ಹತ್ತಿರ ಹೋಗಿಬಂದೆವು. ಅದಕ್ಕೊಂದು ಹೆಸರು ಹೇಳಿದರು. ಇಲ್ಲಿ ಬರೆಯುವುದಿಲ್ಲ.

ಬರುವಾಗ ಆಟೋದಲ್ಲಿ ಹೇಳಿಬಿಟ್ಟೆ. "ಆ ಬಾಣ ಒರೆಸಿದ್ದು ನಾನೇ."

"ಗೊತ್ತು," ಎಂದರು.

"ಹೇಗೆ?"

"ಅಷ್ಟು ನೀಟಾಗಿ ಒರೆಸೋರು ಊರಲ್ಲಿ ಇನ್ಯಾರಿದ್ದಾರೆ?"

ನಕ್ಕರು. ನನಗೆ ಅಳು ಬಂತು. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ. "ರಸ್ತೆ ನೋಡಿ ಓಡಿಸಪ್ಪಾ," ಎಂದು ಇವರು ಗದರಿದರು. ಹಳೆಯ ದನಿ. ಕಾಲು ಬ್ರೇಕ್ ಒತ್ತುತ್ತಿತ್ತು.

ಗೊತ್ತಿದ್ದೂ ಒಂದು ವಾರ ಬಾಯಿ ಬಿಡಲಿಲ್ಲ. ನಿಜವಾಗಿ ಗೊತ್ತಿತ್ತೋ, ನಾನು ಹೇಳಿದ ಮೇಲೆ ನನಗೋಸ್ಕರ ಗೊತ್ತು ಎಂದರೋ. ಹಳೆಯ ಚಾಳಿ, ಎಲ್ಲದರ ಹಿಂದೆಯೂ ಇನ್ನೊಂದು ಇದೆ ಅನ್ನಿಸುತ್ತದೆ.

ಸಂಜೆ ನಾನೇ ಹೋಗಿ ನಾಲ್ಕೂ ಬಾಣ ಮತ್ತೆ ಹಾಕಿದೆ. "ಅಲ್ಲಮ್ಮಾ, ಮೊನ್ನೆ ತಾನೇ ತೊಳೆದ್ರಲ್ಲ," ಎಂದರು ಮೆಡಿಕಲ್ ಶಾಪಿನವರು.

ಜುಲೈ 7, ಭಾನುವಾರ

ಇವತ್ತಿನ ಆಟ ಕೊಡೆ ಮೇಡಂ ಸೂಚಿಸಿದ್ದು. "ಯಾರೋ ಹಾಕಿಟ್ಟ ನೀಲಿ ಬಾಣಗಳನ್ನ ಹುಡುಕ್ಕೊಂಡು ಹೋಗೋದು. ಎಲ್ಲಿಗೆ ಮುಟ್ಟುತ್ತೋ ಗೊತ್ತಿಲ್ಲ." ಪಾರ್ಕಿನಿಂದ ಮೆಡಿಕಲ್ ಶಾಪಿನವರೆಗಿನ ಬಾಣಗಳನ್ನು ನಿನ್ನೆ ನಾನೂ ಅವರೂ ಸೇರಿ ಹಾಕಿದ್ದೆವು. ಇವರಿಗೆ ಹೇಳಿರಲಿಲ್ಲ.

ಎಲ್ಲರೂ ಚೆನ್ನಾಗಿ ಹುಡುಕಿದರು. ಮೇಷ್ಟ್ರು ಪ್ರತಿ ತಿರುವಿನಲ್ಲೂ ನಿಂತು ಸುತ್ತ ನೋಡಿ ಗುರುತು ಇಟ್ಟುಕೊಂಡರು. ಇಲ್ಲಿ ಬೀಗದಂಗಡಿ, ಇಲ್ಲಿ ಮುರಿದ ನಲ್ಲಿ. ಕೊನೆಗೆ ನಮ್ಮ ಗೇಟು. ಹನ್ನೆರಡು ಜನಕ್ಕೆ ಚಹಾ ಮಾಡಿದೆ, ಲೋಟ ಸಾಲದೆ ಅಳತೆ ಲೋಟದಲ್ಲೂ ಕೊಟ್ಟೆ. ಇನ್ನು ಇವರು ಎಲ್ಲಿ ಸಿಕ್ಕಿದರೂ ಮನೆಗೆ ತಂದು ಬಿಡಬಲ್ಲವರು ಊರಲ್ಲಿ ಹನ್ನೆರಡು ಮಂದಿ.

ಅವರಿಗೆ ಏನೂ ಗೊತ್ತಿಲ್ಲ, ಆಟ ಅಂದುಕೊಂಡಿದ್ದಾರೆ ಅಂತ ನಾನು ತಿಳಿದಿದ್ದೆ. ಹೊರಡುವಾಗ ಮೇಷ್ಟ್ರು ಇವರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಎಲ್ಲರಿಗೂ ಗೊತ್ತೇನೋ. ಮೊದಲಿನಿಂದಲೂ. ನನ್ನೊಬ್ಬಳ ಹೊರತು.

ಜುಲೈ 28, ಭಾನುವಾರ

ಮೂರು ವಾರ ಬರೆಯಲಿಲ್ಲ. ಬರೆಯುವ ಹೊತ್ತೆಲ್ಲ ಬಾಣಕ್ಕೆ ಹೋಗುತ್ತದೆ. ಮಳೆ ಬಂದರೆ ಮಾರನೆಯ ಬೆಳಿಗ್ಗೆ ಮತ್ತೆ ಹಾಕಬೇಕು. ಟ್ಯಾಂಕಿನ ಗಲ್ಲಿಯವರು ನನಗೆ ಚಾಕಮ್ಮ ಅಂತ ಹೆಸರಿಟ್ಟಿದ್ದಾರಂತೆ. ಇಡಲಿ.

ಅಂಗಡಿಯ ತುರ್ತು ಕೆಲಸ ಮನೆಗೆ ತಂದಿದ್ದೆ, ಅದಕ್ಕೇ ಇವತ್ತು ನಾನು ಹೋಗಲಿಲ್ಲ. ಕೊಡೆ ಮೇಡಂ ಈಗ ಫೋನ್ ಮಾಡಿದರು. ನಡಿಗೆ ಮುಗಿಯಿತಂತೆ. ಜೊತೆಗೆ ಬರುತ್ತೇನೆ ಎಂದರೆ ಇವರು ಬೇಡವೇ ಬೇಡ ಎಂದರಂತೆ. "ಬಾಣ ಇದೆಯಲ್ಲ, ನಂಗ್ಯಾಕೆ ಕಾವಲು?" ಅವರು ದೂರದಿಂದ ಹಿಂದೆಯೇ ಬರುತ್ತಿದ್ದಾರಂತೆ. ಕೊಡೆ ಬಿಚ್ಚಿ ಮುಖ ಮುಚ್ಚಿಕೊಂಡು! ಒಂದು ಕಾಲದಲ್ಲಿ ಇದನ್ನು ಕೇಳಿದ್ದರೆ ನಾನು ಏನೇನು ಕಟ್ಟಿಕೊಳ್ಳುತ್ತಿದ್ದೆನೋ.

ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಊಟ ಬಿಸಿ ಮಾಡಿಟ್ಟಿದ್ದೇನೆ.

ಬಂದರು. ತಿರುವಿನಲ್ಲಿ ಟೋಪಿ ಕಾಣುತ್ತಿದೆ. ಒಬ್ಬರೇ, ಸರಾಗವಾಗಿ ನಡೆಯುತ್ತಿದ್ದಾರೆ. ಪಾರ್ಕಿನಿಂದ ಇಲ್ಲಿಯವರೆಗೆ! ಕಂಬದ ಹತ್ತಿರ ಬಗ್ಗಿದರು. ಬಾಣವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಭೇಷ್.

ಗೇಟು ಯಾಕೆ ತೆಗೆಯುತ್ತಿಲ್ಲ?

ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಈಗ ಮನೆಯ ಕಡೆ ನೋಡುತ್ತಿದ್ದಾರೆ. ಬೇರೆಯವರ ಮನೆ ನೋಡುವ ಹಾಗೆ, ಮರ್ಯಾದೆಯಿಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದೇ ಕೊನೆಯ ಬಾಣ. ಗೇಟಿನಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ಅಲ್ಲಿಗೆ ನಾನು ಹಾಕಿಲ್ಲ. ಅಲ್ಲಿಗೂ ಬೇಕಾಗುತ್ತದೆ ಅಂತ ಹೊಳೆಯಲೇ ಇಲ್ಲ. ಚಾಕ್ ಎಲ್ಲಿಟ್ಟೆ... ಚಾಕ್ ಬೇಡ. ನಾನೇ ಹೋಗಿ—